ಕಡಲ ನಡುಪದರದ ಕಡತ

ಪುತ್ತೂರು ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದ ನರಿಮೊಗರಿನಿಂದ ಸಮುದ್ರ ಕಾಣುವುದಿಲ್ಲ. ನೇರ ಗೆರೆ ಎಳೆದು ಅಳೆದರೂ ಕಡಲತೀರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ನಡುವೆ ಗುಡ್ಡ, ಅಡಿಕೆ ತೋಟ, ರಬ್ಬರು, ಗೇರುಕಾಡು. ಆದರೂ ಈ ಊರಿನ ಬದುಕು ಕಡಲಿಗೆ ಕಟ್ಟಿಹಾಕಿದಂತಿದೆ. ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲ್ಲಿಮೀಟರ್‌ಗೂ ಮೀರಿ ಸುರಿಯುವ ಮಳೆ ಬರುವುದು ಅರಬ್ಬೀ ಸಮುದ್ರವನ್ನು ದಾಟಿಬರುವ ಗಾಳಿಯಿಂದ. ಬಿದ್ದ ನೀರು ತೋಡು, ಹೊಳೆಗಳಲ್ಲಿ ಹರಿದು ಕೊನೆಗೆ ನೇತ್ರಾವತಿಯ ಪಾಲಾಗಿ ಮಂಗಳೂರಿನಲ್ಲಿ ಅದೇ ಸಮುದ್ರಕ್ಕೆ ಮರಳುತ್ತದೆ. ಊಟದ ತಟ್ಟೆಯ ಬೂತಾಯಿ, ಬಂಗುಡೆಗಳೂ ಅಲ್ಲಿಂದಲೇ ಬರಬೇಕು.

ಪುತ್ತೂರು, ಸುಳ್ಯ ಕಡೆಯ ಕೆಲವು ಕೃಷಿಕರು ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ಒಂದು ವರ್ಷದ ಲೆಕ್ಕದಿಂದ ಏನೂ ಗೊತ್ತಾಗದು. ಹತ್ತು ವರ್ಷದ ಲೆಕ್ಕದಿಂದ ಅಲ್ಪಸ್ವಲ್ಪ ತಿಳಿದೀತು. ಮೂವತ್ತು, ನಲವತ್ತು ವರ್ಷದ ಪುಟಗಳನ್ನು ತಿರುವಿದಾಗಲೇ ಮಳೆಯ ನಡೆ ಬದಲಾಗಿದೆಯೇ, ಅಥವಾ ಅದು ಯಾವಾಗಲೂ ಹೀಗೆಯೇ ಏರಿಳಿಯುತ್ತಿತ್ತೇ ಎಂಬುದನ್ನು ಹೇಳಲು ಸಾಧ್ಯ.

ಸಮುದ್ರಕ್ಕೂ ಇಂಥದೊಂದು ಲೆಕ್ಕದ ಪುಸ್ತಕವಿದೆ. ಅದರಲ್ಲಿ ಎರಡೇ ಎರಡು ಮುಖ್ಯ ಅಂಕಣಗಳು: ನೀರಿನ ಉಷ್ಣತೆ ಮತ್ತು ಲವಣಾಂಶ. ಆ ಪುಸ್ತಕದ ಅತ್ಯಂತ ಕುತೂಹಲದ ಪುಟಗಳು ಮೇಲ್ಮೈಗೆ ಸಂಬಂಧಿಸಿದವಲ್ಲ. ಅಲೆಗಳಿಂದ ಸುಮಾರು 200 ಮೀಟರ್ ಕೆಳಗೆ ಶುರುವಾಗಿ 1,000 ಮೀಟರ್‌ವರೆಗೆ ಇಳಿಯುವ, ಬಿಸಿಲು ತಲುಪದ ನಡುಪದರಕ್ಕೆ ಸಂಬಂಧಿಸಿದವು. ಆ ಪದರ ನೂರೈವತ್ತು ವರ್ಷಗಳಲ್ಲಿ ಬದಲಾಗಿದೆಯೇ ಎಂಬ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರಿತ್ರೆಯೇ ಇದೆ.

ಹುಟ್ಟೂರಿನ ಗುರುತು

ಸಮುದ್ರವೆಂದರೆ ಮೇಲಿನಿಂದ ತಳದವರೆಗೆ ಒಂದೇ ಬಗೆಯ ನೀರು ಎಂಬುದು ಸಾಮಾನ್ಯ ತಿಳಿವಳಿಕೆ. ಹಾಗಿಲ್ಲ. ಕರಾವಳಿಯಾಚೆಯ ಅರಬ್ಬೀ ಸಮುದ್ರದಲ್ಲಿ ಮೇಲಿನ ನೀರು 28 ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, 200 ಮೀಟರ್ ಆಳದಲ್ಲಿ ಸುಮಾರು 15 ಡಿಗ್ರಿ, 1,000 ಮೀಟರ್ ಆಳದಲ್ಲಿ ಎಂಟರ ಆಸುಪಾಸು. ಇನ್ನೂ ಕೆಳಗೆ ಹೋದರೆ ಎರಡು ಡಿಗ್ರಿಗೆ ಇಳಿಯುತ್ತದೆ.

ಯಾವ ನೀರು ಮೇಲೆ, ಯಾವುದು ಕೆಳಗೆ ಎಂಬುದನ್ನು ತೀರ್ಮಾನಿಸುವುದು ಅದರ ಭಾರ. ತಣ್ಣನೆಯ ನೀರು ಭಾರ, ಉಪ್ಪು ಹೆಚ್ಚಿದ್ದರೆ ಇನ್ನೂ ಭಾರ. ಭಾರವಾದ ನೀರು ತನ್ನಷ್ಟೇ ಭಾರದ ನೀರು ಸಿಗುವವರೆಗೂ ಕೆಳಗಿಳಿದು, ಅಲ್ಲಿಂದ ಅಡ್ಡಡ್ಡಲಾಗಿ ಹರಡಿಕೊಳ್ಳುತ್ತದೆ. ಒಮ್ಮೆ ಮೇಲ್ಮೈಯನ್ನು ಬಿಟ್ಟು ಇಳಿದ ನೀರಿಗೆ ಬಿಸಿಲಿಲ್ಲ, ಮಳೆಯಿಲ್ಲ, ಗಾಳಿಯಿಲ್ಲ. ಪಕ್ಕದ ನೀರಿನೊಡನೆ ನಿಧಾನವಾಗಿ ಬೆರೆಯುವುದನ್ನು ಬಿಟ್ಟರೆ ಅದರ ಉಷ್ಣತೆ, ಲವಣಾಂಶ ಬದಲಾಗಲು ಬೇರೆ ದಾರಿಯಿಲ್ಲ. ಆದ್ದರಿಂದ ವರ್ಷಗಳ ನಂತರ ಸಾವಿರಾರು ಕಿಲೋಮೀಟರ್ ದೂರದಲ್ಲಿ ಸಿಕ್ಕರೂ ಅದರ ಹುಟ್ಟೂರನ್ನು ಗುರುತಿಸಬಹುದು.

ಅರಬ್ಬೀ ಸಮುದ್ರದ ನಡುಪದರಕ್ಕೆ ಬರುವ ನೆಂಟರು ಹಲವರು. ಪರ್ಷಿಯನ್ ಕೊಲ್ಲಿಯ ನೀರು ಬಿಸಿಲಿಗೆ ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ಅದು ಹೊರ್ಮುಜ್ ಜಲಸಂಧಿಯಿಂದ ಹೊರಬಂದು ಸುಮಾರು 200 ರಿಂದ 350 ಮೀಟರ್ ಆಳದಲ್ಲಿ ಹರಡುತ್ತದೆ. ಕೆಂಪು ಸಮುದ್ರದ ಒಂದು ಕಿಲೋ ನೀರಿನಲ್ಲಿ ಹತ್ತಿರ ಹತ್ತಿರ 40 ಗ್ರಾಂ ಲವಣ. ಲೋಕದ ಸಮುದ್ರಗಳ ಸರಾಸರಿ 35 ಗ್ರಾಂ ಮಾತ್ರ. ಈ ನೀರು ಇನ್ನೂ ಕೆಳಗೆ, 500 ರಿಂದ 800 ಮೀಟರ್ ಆಳದಲ್ಲಿ ನೆಲೆಸುತ್ತದೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಾದರೋ ಕಥೆ ತಿರುವುಮುರುವು. ಅಂಟಾರ್ಕ್ಟಿಕದ ಸುತ್ತಲಿನ ಮಳೆ, ಹಿಮಗಳಿಂದ ಸಪ್ಪೆಯಾದ ತಣ್ಣನೆಯ ನೀರು ಅದೇ ಸಾವಿರ ಮೀಟರ್‌ನ ಆಸುಪಾಸಿನಲ್ಲಿ ಉತ್ತರದತ್ತ ತೆವಳುತ್ತದೆ.

ಹೀಗೆ ನಡುಪದರದ ಒಂದು ಬಾಟಲಿ ನೀರೆಂದರೆ ಹಳೆಯ ಕಾಗದಪತ್ರವಿದ್ದಂತೆ. ಅದು ಮೇಲೆ ಇದ್ದಾಗ ಹುಟ್ಟೂರಿನಲ್ಲಿ ಎಷ್ಟು ಬಿಸಿಲಿತ್ತು, ಎಷ್ಟು ಮಳೆಯಾಗಿತ್ತು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಆ ಕಾಗದವನ್ನು ಓದಲು ಮನುಷ್ಯ ಕಲಿತದ್ದು ಮಾತ್ರ ತೀರ ಇತ್ತೀಚೆಗೆ.

ಹಗ್ಗ, ಬಾಟಲಿ, ಥರ್ಮಾಮೀಟರ್

1872ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಿಂದ ಹೊರಟ ಚಾಲೆಂಜರ್ ಎಂಬ ಹಡಗು 1876ರ ಮೇ ತಿಂಗಳವರೆಗೆ ಲೋಕದ ಸಮುದ್ರಗಳನ್ನು ಸುತ್ತಿತು. ಸೆಣಬಿನ ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಆಳಕ್ಕಿಳಿಸಿ, ಗಂಟೆಗಟ್ಟಲೆ ಕಾದು, ಮೇಲೆಳೆದು ಓದುವುದು ಅಂದಿನ ಕ್ರಮ. ಆಳದ ಒತ್ತಡಕ್ಕೆ ಗಾಜು ಒಡೆಯದಂತೆ ವಿಶೇಷ ಹೊದಿಕೆ ಇತ್ತು. ಆ ಹಡಗು ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನ ವಿಜ್ಞಾನಿ ವಿಶ್ಲೇಷಿಸಿ 1884ರಲ್ಲಿ ಪ್ರಕಟಿಸಿದರು. ಎಲ್ಲಿಯ ಸಮುದ್ರದ ನೀರಾದರೂ ಒಟ್ಟು ಉಪ್ಪಿನ ಪ್ರಮಾಣ ಬೇರೆಯಾಗಬಹುದು, ಆದರೆ ಅದರೊಳಗಿನ ಮುಖ್ಯ ಲವಣಗಳ ಪರಸ್ಪರ ಅನುಪಾತ ಹೆಚ್ಚುಕಡಿಮೆ ಒಂದೇ ಎಂಬುದು ಇದರಿಂದ ಖಚಿತವಾಯಿತು. ಕ್ಲೋರಿನ್ನಿನಂಥ ಒಂದು ಅಂಶವನ್ನು ಅಳೆದರೆ ಸಾಕು, ಒಟ್ಟು ಲವಣಾಂಶವನ್ನು ಲೆಕ್ಕಹಾಕಬಹುದು ಎಂಬ ಅನುಕೂಲ ಒದಗಿದ್ದು ಹೀಗೆ. ಡೆನ್ಮಾರ್ಕಿನ ಮಾರ್ಟಿನ್ ನುಡ್ಸೆನ್ 1901ರಲ್ಲಿ ಅದಕ್ಕೆ ಬೇಕಾದ ಕೋಷ್ಟಕಗಳನ್ನು ಹೊರತಂದರು. ಬೇರೆ ಬೇರೆ ದೇಶದ ಹಡಗುಗಳು ಒಂದೇ ತಕ್ಕಡಿಯಲ್ಲಿ ತೂಗುವಂತಾಯಿತು.

ಚಾಲೆಂಜರ್ ಅರಬ್ಬೀ ಸಮುದ್ರಕ್ಕೆ ಬರಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ಅಂಚಿನಲ್ಲೇ ಹಾದುಹೋಯಿತು. ಆದರೆ ಆ ಹಡಗಿನಲ್ಲಿದ್ದ ಜಾನ್ ಮರೇ ಎಂಬ ವಿಜ್ಞಾನಿ ಸಾಯುವಾಗ ಸಾಗರ ಸಂಶೋಧನೆಗೆಂದು ಬಿಟ್ಟುಹೋದ ಹಣ ಇಲ್ಲಿಗೆ ಬಂತು. ಆ ಹಣದಿಂದ 1933-34ರಲ್ಲಿ ನಡೆದ ಯಾತ್ರೆಗೆ ಮರೇ ಅವರದೇ ಹೆಸರು. ಹಡಗು ಈಜಿಪ್ಟಿನದು, ಹೆಸರು ಮಬಾಹಿಸ್. ಮುಖಂಡರು ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಆರ್. ಬಿ. ಸೀಮೋರ್ ಸೀವೆಲ್. ಇನ್ವೆಸ್ಟಿಗೇಟರ್ ಹಡಗಿನಲ್ಲಿ ವೈದ್ಯ ಮತ್ತು ಪ್ರಕೃತಿ ವಿಜ್ಞಾನಿಯಾಗಿ ಭಾರತದ ಸುತ್ತಲಿನ ಕಡಲುಗಳನ್ನು ಬಲ್ಲವರು. ಅರಬ್ಬೀ ಸಮುದ್ರದ ನಡುಪದರದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇದೆ, ಅದು ತಾಗುವ ತಳದಲ್ಲಿ ಜೀವಿಗಳೂ ವಿರಳ ಎಂಬುದನ್ನು ಈ ಯಾತ್ರೆ ಎತ್ತಿ ತೋರಿಸಿತು. ಮೇಲೆ ಬೆಳೆದ ಸೂಕ್ಷ್ಮಜೀವಿಗಳು ಸತ್ತು ಕೆಳಗಿಳಿದು ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಉತ್ತರಕ್ಕೆ ಭೂಮಿ ಅಡ್ಡವಿರುವ ಕಾರಣ ಹೊಸ ನೀರು ಬಂದು ಅದನ್ನು ತುಂಬಿಕೊಡುವುದು ಬಲು ನಿಧಾನ.

ಕಡಲಿಗಿಳಿದ ಭಾರತ

ಅಲ್ಲಿಯವರೆಗೆ ಹಿಂದೂ ಮಹಾಸಾಗರ ಸಾಗರ ವಿಜ್ಞಾನಿಗಳಿಗೆ ಹೆಚ್ಚುಕಡಿಮೆ ಅಪರಿಚಿತ. ಅಟ್ಲಾಂಟಿಕ್, ಶಾಂತ ಸಾಗರಗಳ ಕಡತ ದಪ್ಪವಾಗುತ್ತಿದ್ದರೆ ಇಲ್ಲಿಯದು ನಾಲ್ಕಾರು ಹಾಳೆ. ಈ ಕೊರತೆ ನೀಗಿದ್ದು 1959ರಿಂದ 1965ರವರೆಗೆ ನಡೆದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಿಂದ. ನಲವತ್ತಕ್ಕೂ ಹೆಚ್ಚು ಹಡಗುಗಳು ಇದರಲ್ಲಿ ಪಾಲ್ಗೊಂಡವು. ಶೀತಲ ಸಮರದ ಆ ದಿನಗಳಲ್ಲೂ ರಷ್ಯಾದ ವಿತ್ಯಾಜ್, ಅಮೆರಿಕದ ಆಂಟನ್ ಬ್ರೂನ್ ಎರಡೂ ಒಂದೇ ಯೋಜನೆಗೆ ದುಡಿದದ್ದು ವಿಶೇಷ. ಭಾರತದ ನೌಕಾಪಡೆಯ ಕಿಸ್ಟ್ನಾ ಹಡಗೂ ಸಂಶೋಧನೆಗೆ ಇಳಿಯಿತು. ಭಾರತದ ಪಾಲಿನ ಕಾರ್ಯಕ್ರಮದ ಹೊಣೆ ಹೊತ್ತವರು ಡಾ. ಎನ್. ಕೆ. ಪಣಿಕ್ಕರ್.

ಈ ಯಾತ್ರೆಯ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಈಗ ಗೋವಾದಲ್ಲಿ ನೆಲೆ ಇರುವ ಈ ಸಂಸ್ಥೆಗೆ ಪಣಿಕ್ಕರ್ ಅವರೇ ಮೊದಲ ನಿರ್ದೇಶಕರು. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾಗಿ ದಕ್ಷಿಣ ಕನ್ನಡದ ವಿದ್ಯಾರ್ಥಿಗಳಿಗೆ ಕಡಲನ್ನು ಓದುವ ಅವಕಾಶ ಮನೆಬಾಗಿಲಿಗೇ ಬಂತು. 1976ರಲ್ಲಿ ಗವೇಷಣಿ, 1983ರಲ್ಲಿ ಸಾಗರ ಕನ್ಯಾ ಹಡಗುಗಳು ದೇಶದ ಸಂಶೋಧನೆಗೆ ಸೇರಿದವು.

ಯಾತ್ರೆಯ ಅಂಕಿಅಂಶಗಳನ್ನೆಲ್ಲ ಒಟ್ಟುಗೂಡಿಸಿ ಕ್ಲಾಸ್ ವಿರ್ಟ್ಕಿ 1971ರಲ್ಲಿ ಒಂದು ಬೃಹತ್ ಭೂಪಟ ಸಂಪುಟವನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ, 1964ರಲ್ಲಿ ಆಸ್ಟ್ರೇಲಿಯದ ರೋಚ್‌ಫರ್ಡ್ ಎಂಬವರು ಉತ್ತರ ಹಿಂದೂ ಮಹಾಸಾಗರದ ಮೇಲಿನ ಸಾವಿರ ಮೀಟರ್‌ನಲ್ಲಿ ಉಪ್ಪು ಹೆಚ್ಚಿರುವ ಪದರಗಳು ಎಲ್ಲೆಲ್ಲಿಂದ ಬಂದವು ಎಂಬುದನ್ನು ವಿಂಗಡಿಸಿ ತೋರಿಸಿದ್ದರು. 1960ರ ದಶಕದ ಈ ಅಳತೆಗಳು ಮುಂದಿನವರಿಗೆ ಅಮೂಲ್ಯ ಆಸ್ತಿಯಾದವು. ಹಿಂದೆ ಹೇಗಿತ್ತು ಎಂಬುದು ಗೊತ್ತಿದ್ದರೆ ತಾನೆ ಈಗ ಬದಲಾಗಿದೆಯೇ ಎಂದು ಕೇಳಲು ಸಾಧ್ಯ?

ಏರಿಳಿತವೋ, ಏಕಮುಖ ನಡೆಯೋ?

ಆ ಪ್ರಶ್ನೆ ಮೊದಲು ಗಂಭೀರವಾಗಿ ಎದ್ದದ್ದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಆಫ್ರಿಕಾ ಮತ್ತು ಆಸ್ಟ್ರೇಲಿಯಗಳ ನಡುವೆ 32 ಡಿಗ್ರಿ ಅಕ್ಷಾಂಶದ ಗೆರೆಯಲ್ಲಿ. 1960ರ ದಶಕದಲ್ಲಿ ಅಳೆದಿದ್ದ ಈ ಗೆರೆಯನ್ನು 1987ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಡಾರ್ವಿನ್ ಎಂಬ ಹಡಗು ಮತ್ತೊಮ್ಮೆ ಅಳೆಯಿತು. ಒಂದೇ ಭಾರದ ನೀರಿನ ಪದರಗಳನ್ನು ಹೋಲಿಸಿ ನೋಡಿದಾಗ ಅವು ಮೊದಲಿಗಿಂತ ಸಪ್ಪೆಯಾಗಿದ್ದವು. 1999ರಲ್ಲಿ ಆಸ್ಟ್ರೇಲಿಯದಲ್ಲಿ ಕೆಲಸ ಮಾಡುತ್ತಿದ್ದ ವಾಂಗ್, ಬಿಂಡಾಫ್, ಚರ್ಚ್ ಎಂಬ ಮೂವರು ನೇಚರ್ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಚಿತ್ರ ಕೊಟ್ಟರು. ಹಿಂದೂ ಮತ್ತು ಶಾಂತ ಸಾಗರಗಳೆರಡರ ನಡುಪದರದ ನೀರೂ ಸಪ್ಪೆಯಾಗುತ್ತಿದೆ. ಆ ನೀರು ಹುಟ್ಟುವ ಧ್ರುವದ ಕಡೆಯ ಕಡಲುಗಳ ಮೇಲೆ ಮಳೆ ಹೆಚ್ಚಿದೆ ಎಂಬುದು ಅವರ ವಾದ.

ಅಷ್ಟರಲ್ಲಿ ಕಥೆ ತಿರುವು ಪಡೆಯಿತು. 2002ರಲ್ಲಿ ಅದೇ ಚಾರ್ಲ್ಸ್ ಡಾರ್ವಿನ್ ಹಡಗು ಅದೇ ಗೆರೆಯಲ್ಲಿ ಮತ್ತೆ ಬಾಟಲಿ ಇಳಿಸಿತು. ಮೇಲುಭಾಗದ ಪದರಗಳಲ್ಲಿ ಲವಣಾಂಶ ಮರಳಿ ಏರಿತ್ತು. 1987ರವರೆಗೆ ಆಗಿದ್ದ ಬದಲಾವಣೆ ಅಲ್ಲಿ ಹಿಮ್ಮುಖವಾಗಿತ್ತು. ಹ್ಯಾರಿ ಬ್ರೈಡನ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಕಟಿಸುವಾಗ ಇದು ಏರಿಳಿತವೋ ಅಥವಾ ಏಕಮುಖ ನಡೆಯೋ ಎಂದು ತಲೆಬರಹದಲ್ಲೇ ಕೇಳಿದ್ದರು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಇಟ್ಟುಕೊಂಡು ನಡುವಿನ ಕಥೆ ಹೇಳುವುದು ಎಷ್ಟು ಅಪಾಯ ಎಂಬುದನ್ನು ಈ ಪ್ರಸಂಗ ಕಲಿಸಿತು. 1923ರ ನೆರೆಯನ್ನೂ 1974ರ ನೆರೆಯನ್ನೂ ಮಾತ್ರ ನೋಡಿದವನು ನೇತ್ರಾವತಿ ಪ್ರತಿವರ್ಷ ದಡ ಮೀರುತ್ತದೆ ಎಂದುಕೊಂಡಂತೆ.

ಉತ್ತರ ಸಿಗಬೇಕಾದರೆ ಆಗೊಮ್ಮೆ ಈಗೊಮ್ಮೆ ಹಡಗು ಕಳಿಸಿದರೆ ಸಾಲದು, ದಿನದಿನದ ಲೆಕ್ಕ ಬೇಕು. ಅದನ್ನು ಒದಗಿಸಿದ್ದು ಆರ್ಗೋ ಎಂಬ ತೇಲುಯಂತ್ರಗಳ ಪಡೆ. ಸುಮಾರು ಆಳೆತ್ತರದ ಈ ಕೊಳವೆ ಸಾವಿರ ಮೀಟರ್ ಆಳಕ್ಕಿಳಿದು ಪ್ರವಾಹದೊಡನೆ ತೇಲುತ್ತದೆ. ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್‌ವರೆಗೆ ಇಳಿದು, ಉಷ್ಣತೆ, ಲವಣಾಂಶಗಳನ್ನು ಅಳೆಯುತ್ತ ಮೇಲೆ ಬಂದು, ಉಪಗ್ರಹದ ಮೂಲಕ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. 2000ದಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 2007ರ ಹೊತ್ತಿಗೆ ಮೂರು ಸಾವಿರ ಯಂತ್ರಗಳಿದ್ದವು. ಭಾರತದ ಪಾಲಿನ ಯಂತ್ರಗಳನ್ನು ನೋಡಿಕೊಳ್ಳುವುದು 1999ರಲ್ಲಿ ಸ್ಥಾಪನೆಯಾದ, ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ. ಮಳೆಗಾಲದ ಅಬ್ಬರದಲ್ಲಿ ಹಡಗುಗಳು ಹೋಗಲಾರದ ಅರಬ್ಬೀ ಸಮುದ್ರದಿಂದಲೂ ಈಗ ವರ್ಷವಿಡೀ ಅಳತೆ ಬರುತ್ತಿದೆ.

2012ರಲ್ಲಿ ವಿಜ್ಞಾನಿಗಳು ಒಂದು ಸ್ವಾರಸ್ಯದ ಕೆಲಸ ಮಾಡಿದರು. ಚಾಲೆಂಜರ್ ಹಡಗಿನ ಹಳೆಯ ಅಳತೆಗಳನ್ನು ಆರ್ಗೋ ಅಳತೆಗಳ ಪಕ್ಕದಲ್ಲಿಟ್ಟರು. ಚಾಲೆಂಜರ್ ಅಳೆದ ಜಾಗಗಳಲ್ಲಿ ಮೇಲ್ಮೈ ಸರಾಸರಿ 0.59 ಡಿಗ್ರಿ ಬಿಸಿಯಾಗಿತ್ತು, 366 ಮೀಟರ್ ಆಳದಲ್ಲಿ 0.39 ಡಿಗ್ರಿ, 914 ಮೀಟರ್ ಆಳದಲ್ಲಿ 0.12 ಡಿಗ್ರಿ. ಶಾಖ ಮೇಲಿನಿಂದ ಕೆಳಗೆ ಇಳಿಯುತ್ತಿರುವುದರ ಸ್ಪಷ್ಟ ಗುರುತು ಇದು. ಅದೇ ವರ್ಷ ಪ್ರಕಟವಾದ ಪಾಲ್ ಡ್ಯುರಾಕ್ ಮತ್ತಿತರರ ಅಧ್ಯಯನ ಲವಣಾಂಶದ ಬಗ್ಗೆ ಹೇಳಿತು. 1950ರಿಂದ 2000ದವರೆಗೆ ಉಪ್ಪಿನ ಕಡಲು ಇನ್ನಷ್ಟು ಉಪ್ಪಾಗಿದೆ, ಸಪ್ಪೆ ಕಡಲು ಇನ್ನಷ್ಟು ಸಪ್ಪೆಯಾಗಿದೆ. ಆವಿ ಮತ್ತು ಮಳೆಯ ಚಕ್ರ ಶೇಕಡಾ 4ರಷ್ಟು ಬಿರುಸಾಗಿದೆ. ಅಲ್ಲಲ್ಲಿ ಏರಿಳಿತ ಇದ್ದೇ ಇದೆ. ಅದರ ಅಡಿಯಲ್ಲಿ ಏಕಮುಖವಾದ ನಡೆಯೂ ಇದೆ. ಬ್ರೈಡನ್ ಕೇಳಿದ ಪ್ರಶ್ನೆಗೆ ಉತ್ತರ 'ಎರಡೂ ಹೌದು' ಎಂಬುದು.

ಬೂತಾಯಿಗೂ ಬಂಗುಡೆಗೂ

ಇನ್ನು ಅರಬ್ಬೀ ಸಮುದ್ರಕ್ಕೆ ಬರಬೇಕು. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ 1951ರಿಂದ 2015ರೊಳಗೆ ಸರಾಸರಿ 1 ಡಿಗ್ರಿ ಬಿಸಿಯಾಗಿದೆ. ಲೋಕದ ಎಲ್ಲ ಸಮುದ್ರಗಳ ಸರಾಸರಿ ಏರಿಕೆ ಇದೇ ಅವಧಿಯಲ್ಲಿ 0.7 ಡಿಗ್ರಿ. ಭೂಮಿ ಉಳಿಸಿಕೊಳ್ಳುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ಕ್ಕೂ ಮೀರಿದ ಪಾಲು ಸಮುದ್ರದೊಳಗೇ ಸೇರುತ್ತಿದೆ.

ಮೇಲಿನ ನೀರು ಬಿಸಿಯಾದರೆ ಹಗುರಾಗಿ ಮೇಲೆಯೇ ನಿಲ್ಲುತ್ತದೆ, ಕೆಳಗಿನದರೊಡನೆ ಬೆರೆಯುವುದು ಕಡಿಮೆ. ಬಿಸಿ ನೀರಿಗೆ ಆಮ್ಲಜನಕವನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ನಡುಪದರಕ್ಕೆ ಒಂದಿಷ್ಟು ಉಸಿರು ತರುವ ಪರ್ಷಿಯನ್ ಕೊಲ್ಲಿಯ ನೀರಿಗೂ ಇದೇ ಗತಿ. ಕೊಲ್ಲಿ ಬಿಸಿಯಾದಂತೆ ಅಲ್ಲಿಂದ ಹೊರಬರುವ ನೀರು ಹಗುರಾಗಿ, ಇಳಿಯಬೇಕಾದಷ್ಟು ಆಳಕ್ಕೆ ಇಳಿಯದೆ, ಅರಬ್ಬೀ ಸಮುದ್ರದ ಆಮ್ಲಜನಕದ ಕೊರತೆ ಇನ್ನಷ್ಟು ಹೆಚ್ಚೀತು ಎಂದು 2019ರಲ್ಲಿ ಪ್ರಕಟವಾದ ಗಣಕ ಮಾದರಿಯ ಅಧ್ಯಯನವೊಂದು ತೋರಿಸಿದೆ. ಅದಕ್ಕೆ ಒಂದು ವರ್ಷ ಮೊದಲು ಒಮಾನ್ ಕೊಲ್ಲಿಯಲ್ಲಿ ಮುಳುಗುಯಂತ್ರಗಳನ್ನು ಓಡಿಸಿ ಅಳೆದವರಿಗೆ ಅಲ್ಲಿ ಆಮ್ಲಜನಕ ಹಿಂದಿಗಿಂತ ಕುಸಿದಿರುವುದು ಕಂಡುಬಂದಿತ್ತು.

ಆಳದಲ್ಲಿ ಏನಾದರೆ ದಡದವರಿಗೇನು ಎಂದು ಕೇಳುವಂತಿಲ್ಲ. ಮಳೆಗಾಲದಲ್ಲಿ ಗಾಳಿ ಮತ್ತು ಪ್ರವಾಹಗಳ ಕಾರಣ ಕೇರಳ, ಕರ್ನಾಟಕಗಳ ತೀರದಲ್ಲಿ ಕೆಳಗಿನ ತಣ್ಣನೆಯ ನೀರು ಮೇಲಕ್ಕೇರಿ ಬರುತ್ತದೆ. ಅದು ತರುವ ಪೋಷಕಾಂಶವೇ ಕರಾವಳಿಯ ಮೀನುಗಾರಿಕೆಯ ಬಂಡವಾಳ. ಆದರೆ ಅದೇ ನೀರಿಗೆ ಆಮ್ಲಜನಕ ಕಡಿಮೆ. ಜರ್ಮನಿಯ ಕಾರ್ಲ್ ಬಾನ್ಸೆ 1950ರ ದಶಕದ ಕೊನೆಯಲ್ಲಿ ಕೊಚ್ಚಿಯಲ್ಲಿದ್ದಾಗ, ಈ ನೀರು ದಡದತ್ತ ಬಂದಂತೆ ತಳದ ಮೀನುಗಳು ಜಾಗ ಬಿಟ್ಟು ಹೋಗುವುದನ್ನು ಗುರುತಿಸಿದ್ದರು.

ಇಲ್ಲಿ ನರಿಮೊಗರಿನ ತೋಡುಗಳ ನೀರಿಗೂ ಒಂದು ಪಾತ್ರವಿದೆ. ಘಟ್ಟದ ಕೆಳಗೆ ಸುರಿದ ಅಪಾರ ಮಳೆ ನದಿಗಳ ಮೂಲಕ ಕಡಲು ಸೇರಿ, ಏರಿಬಂದ ತಣ್ಣನೆಯ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಹೊದಿಕೆಯಂತೆ ಹರಡುತ್ತದೆ. ಸಿಹಿನೀರು ಹಗುರ, ಮೇಲೆಯೇ ನಿಲ್ಲುತ್ತದೆ. ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪಿಹೋಗುತ್ತದೆ. ಗೋವಾ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಂತೆ, ಮಳೆಗಾಲದ ಕೊನೆಯಲ್ಲಿ ಪಶ್ಚಿಮ ತೀರದ ಆಳವಿಲ್ಲದ ಕಡಲಲ್ಲೂ ಆಮ್ಲಜನಕ ಪೂರ್ತಿ ಮುಗಿಯುವುದುಂಟು. ಆ ಸ್ಥಿತಿ ಹಿಂದಿಗಿಂತ ತೀವ್ರವಾಗಿದೆ, ಹೊಲಗಳಿಂದ ಕೊಚ್ಚಿಬರುವ ಗೊಬ್ಬರದ ಸಾರಜನಕವೂ ಅದಕ್ಕೆ ಕಾರಣವಿರಬಹುದು ಎಂಬುದು ಅವರ ಅಭಿಪ್ರಾಯ.

ಬೂತಾಯಿಯಂಥ ಮೀನು ಇದ್ದಕ್ಕಿದ್ದಂತೆ ಮಾಯವಾಗುವುದು, ಮರಳಿ ಬರುವುದು ಹೊಸ ಸಂಗತಿಯಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿದಿತ್ತು. ಮಿತಿಮೀರಿದ ಮೀನುಗಾರಿಕೆ, ಮಳೆಯ ವ್ಯತ್ಯಾಸ, ಎಲ್ ನಿನೊ, ನೀರಿನ ಬಿಸಿ ಹೀಗೆ ಹಲವು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಎಲ್ಲವನ್ನೂ ಒಂದೇ ಕಾರಣದ ತಲೆಗೆ ಕಟ್ಟಲಾಗದು. ಕಡತವಿಲ್ಲದಿದ್ದರೆ ಯಾವ ಕಾರಣದ ಪಾಲು ಎಷ್ಟು ಎಂದು ಬಿಡಿಸಿ ನೋಡುವುದೂ ಸಾಧ್ಯವಾಗದು.

ಚಂಡಮಾರುತದ ವಿಷಯವೂ ಹಾಗೆಯೇ. ಅದಕ್ಕೆ ಬೇಕಾದ ಶಕ್ತಿ ಬರುವುದು ಮೇಲ್ಮೈಯ ತೆಳು ಪದರವೊಂದರಿಂದಲ್ಲ. ಬಿರುಗಾಳಿ ನೀರನ್ನು ಕಲಕಿದಾಗ ಕೆಳಗಿನ ತಣ್ಣೀರು ಮೇಲೆ ಬಂದರೆ ಅದರ ಸೊಕ್ಕು ಇಳಿಯುತ್ತದೆ. ಬಿಸಿ ನೀರು ಆಳದವರೆಗೂ ಇದ್ದರೆ ಇಳಿಯುವುದಿಲ್ಲ. 2001ರಿಂದ 2019ರ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಅದಕ್ಕೆ ಹಿಂದಿನ ಎರಡು ದಶಕಗಳಿಗಿಂತ ಶೇಕಡಾ 52ರಷ್ಟು ಹೆಚ್ಚಿದೆ ಎಂದು 2021ರ ಅಧ್ಯಯನವೊಂದು ಲೆಕ್ಕಹಾಕಿದೆ. ಅದೇ ವರ್ಷದ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಉಳ್ಳಾಲ ಕಡೆಯ ತೀರದ ಮನೆಗಳಿಗೆ ಅಲೆ ಬಡಿದದ್ದು ಕರಾವಳಿಯವರಿಗೆ ನೆನಪಿದೆ. ಅಡಿಕೆಗೆ ಮದ್ದು ಬಿಡುವ ಹೊತ್ತಿನಲ್ಲಿ ಬಿಡುವಿಲ್ಲದೆ ಮಳೆ ಹಿಡಿದರೆ ಕೊಳೆರೋಗ ಎಂಬುದು ಪುತ್ತೂರಿನ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಯ ದಿನಗಳು ಹೇಗೆ ಹಂಚಿಕೆಯಾಗುತ್ತವೆ ಎಂಬ ಲೆಕ್ಕದಲ್ಲಿ ಕಡಲಿನ ಶಾಖವೂ ಒಂದು ಅಂಶ.

ಮುಂದಿನ ಪುಟಗಳು

2015ರ ಡಿಸೆಂಬರ್‌ನಲ್ಲಿ ಗೋವಾದಿಂದ ಎರಡನೆಯ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಗೆ ಚಾಲನೆ ದೊರೆಯಿತು. ಸಾಗರ ನಿಧಿ ಹಡಗು ಅಲ್ಲಿಂದ ಮಾರಿಷಸ್‌ಗೆ ಹೊರಟಿತು. ಮೊದಲ ಯಾತ್ರೆಯ ಅಳತೆಗಳಿಗೆ ಅರ್ಧ ಶತಮಾನದ ನಂತರದ ಜೋಡಿ ಅಳತೆಗಳು ಹೀಗೆ ಸೇರುತ್ತಿವೆ. ಆರ್ಗೋ ಯಂತ್ರಗಳ ಬ್ಯಾಟರಿ ಕೆಲವೇ ವರ್ಷ ಬಾಳುತ್ತದೆ. ಹಳೆಯವು ನಿಂತಂತೆ ಹೊಸವನ್ನು ಬಿಡುತ್ತಲೇ ಇರಬೇಕು. ಒಂದು ದೇಶ ಹಣ ಬಿಗಿಹಿಡಿದರೂ ಕಡತದಲ್ಲಿ ಖಾಲಿ ಪುಟ ಬೀಳುತ್ತದೆ, ಮತ್ತು ಆ ವರ್ಷದ ಕಡಲನ್ನು ಮುಂದೆಂದೂ ಅಳೆಯಲಾಗುವುದಿಲ್ಲ.

ಮೇಲ್ಮೈಯ ನೀರು ಒಂದು ಮಳೆಗಾಲದಲ್ಲಿ ಬದಲಾಗುತ್ತದೆ. ನಡುಪದರದ ನೀರು ಸರಿದಾಡಲು ವರ್ಷಗಳು, ದಶಕಗಳು ಬೇಕು. ಇಂದು ಇಳಿದ ಶಾಖ ನಾಳೆಯೇ ಹೊರಬರುವುದಿಲ್ಲ. ಕಾರ್ಖಾನೆ, ವಾಹನಗಳ ಹೊಗೆ ಇಂದೇ ನಿಂತರೂ ಕಡಲು ತನ್ನೊಳಗೆ ಈಗಾಗಲೇ ಸೇರಿದ ಶಾಖವನ್ನು ಬಹಳ ಕಾಲ ಇಟ್ಟುಕೊಂಡಿರುತ್ತದೆ. ನರಿಮೊಗರಿನಲ್ಲಿ ಈ ವರ್ಷ ನೆಟ್ಟ ಅಡಿಕೆ ಸಸಿ ಫಸಲು ಕೊಟ್ಟು, ಮುದಿಯಾಗಿ, ಅದರ ಜಾಗದಲ್ಲಿ ಮತ್ತೊಂದು ಸಸಿ ಏಳುವ ಹೊತ್ತಿಗೂ ಅದಕ್ಕೆ ಮಳೆ ತರುವ ಸಮುದ್ರದ ನಡುಪದರದಲ್ಲಿ ಈಗಿನ ಈ ವರ್ಷಗಳ ಗುರುತು ಉಳಿದಿರುತ್ತದೆ.